ಸಿದ್ದಲಿಂಗಮ್ಮನವರು ವೆಬ್‌ಸೈಟಿನ ಮನೆತನ ವಿಚಾರಿಸಿದ್ದು

ಮೈಸೂರಿನ ರಾಮಕೃಷ್ಣನಗರದಲ್ಲಿ ಯಾರ ಮನೆಯ ಹುಡುಗಿಗೆ ಗಂಡು ಬಂದರೂ, ಹುಡುಗಿಯ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮೊದಲು ಓಡುತ್ತಿದ್ದುದು ಸಿದ್ದಲಿಂಗಮ್ಮನವರ ಮನೆಗೆ. ಗಂಡಿನ ಕಡೆಯವರು ಎಂಥವರು, ಹುಡುಗ ಹೇಳಿಕೊಳ್ಳುವ ಕೆಲಸ ನಿಜವಾಗಿಯೂ ಇದೆಯೋ ಇಲ್ಲವೋ, ಅತ್ತೆಯಾಗುವವಳ ಬಾಯಿ ಎಷ್ಟು ಉದ್ದ, ಇದನ್ನೆಲ್ಲ ಗುಟ್ಟಾಗಿ ವಿಚಾರಿಸಿಕೊಂಡು ಬಂದು ಹೇಳುವುದು ಅವರ ಮೂವತ್ತು ವರ್ಷದ ಸಮಾಜಸೇವೆ. ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಅವರು ವಾಪಸು ಬಂದು "ಕೊಡಬೋದು" ಎಂದರೆ ಮಾರನೆಯ ದಿನವೇ ಛತ್ರ ಗೊತ್ತುಮಾಡುತ್ತಿದ್ದರು. "ಹೂಂ... ನೋಡಿ" ಎಂದರೆ ಆ ಸಂಬಂಧದ ಕತೆ ಅಲ್ಲಿಗೆ ಮುಗಿಯಿತು.

ಅವರ ವಿಧಾನವನ್ನು ನಿಮಗೆ ಮಾತ್ರ ಹೇಳಿಬಿಡುತ್ತೇನೆ, ಅದು ಮಗ ಸೊಸೆಗೂ ಗೊತ್ತಿರದ ಗುಟ್ಟು. ಗಂಡಿನ ಮನೆಯ ಮುಂದೆ ಆಟೋ ಇಳಿಯುವುದು. ಬಾಗಿಲು ತಟ್ಟಿ, "ಇಲ್ಲೆಲ್ಲಾದ್ರೂ ಬಾಡಿಗೆಗೆ ಮನೆ ಸಿಕ್ಕುತ್ತಾ ಕಣಮ್ಮ?" ಎನ್ನುವುದು. ಸಿಗುವುದಿಲ್ಲ ಎಂದ ಕೂಡಲೇ ಬಿಸಿಲನ್ನು ಬೈದು ಒಂದು ಲೋಟ ನೀರು ಕೇಳುವುದು. ನೀರು ಕುಡಿದು ಮುಗಿಸುವುದರೊಳಗೆ ಆ ಮನೆಯ ಮೂರು ತಲೆಮಾರು ಅವರ ಕೈಯಲ್ಲಿ! (ನೀರನ್ನು ಬಹಳ ನಿಧಾನವಾಗಿ ಕುಡಿಯುತ್ತಿದ್ದರು.) ಜೊತೆಗೆ ಪತಿ ರುದ್ರಸ್ವಾಮಿಯವರು. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಸಾಧುಪ್ರಾಣಿ. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲವಾದ್ದರಿಂದ ಮಾತಾಡಲು ಅಪ್ಪಣೆಯಿರಲಿಲ್ಲ.

ಇಂಥ ಸಿದ್ದಲಿಂಗಮ್ಮನವರನ್ನು ಎರಡು ಸಾವಿರದ ಮೂರನೇ ಇಸವಿಯಲ್ಲಿ ಸ್ವಂತ ಮನೆಯಲ್ಲೇ ಕೇಳುವವರಿಲ್ಲದಂತಾಯಿತು. ಕಾರಣ, ಮಗ ಚಂದ್ರಮೌಳಿ ತಂದಿಟ್ಟ ಕಂಪ್ಯೂಟರು. ಐದನೇ ಕ್ಲಾಸಿನ ಮೊಮ್ಮಗಳು ಶಿವಾನಿ ಅದುವರೆಗೂ ಏನೇ ಸಂಶಯ ಬಂದರೂ ಅಜ್ಜಿಯ ಮಡಿಲಿಗೆ ಬಂದು ಬೀಳುತ್ತಿದ್ದವಳು. ಆಕಾಶ ಯಾಕೆ ನೀಲಿ ಎಂದರೆ ಅಜ್ಜಿ ಏನೋ ಒಂದು ಹೇಳುತ್ತಿದ್ದರು. ಅದು ತಪ್ಪಾಗಿರುತ್ತಿತ್ತು, ಆದರೆ ಅಜ್ಜಿಗೂ ಮೊಮ್ಮಗಳಿಗೂ ಅದು ಸಾಕಾಗುತ್ತಿತ್ತು. ಈಗ ಅಜ್ಜಿ ಬಾಯಿ ತೆರೆಯುವ ಮೊದಲೇ, "ಬಿಡಜ್ಜಿ, ನೆಟ್ಟಲ್ಲಿ ನೋಡ್ಕೋತೀನಿ." ಸಿದ್ದಲಿಂಗಮ್ಮನವರಿಗೆ ಹೊಟ್ಟೆಕಿಚ್ಚಾಯಿತು. ಒಂದು ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚುಪಡುವುದು ಅವಮಾನ ಎಂದು ಗೊತ್ತಿತ್ತು, ಆದರೂ ಆಯಿತು. ಹಾಗೆಯೇ ದುಃಖವೂ ಆಯಿತು. ಈ ಮನೆಯಲ್ಲಿ ಇನ್ನು ತಮ್ಮ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲವೇನೋ ಎಂದು ಅವರಿಗೆ ಅನ್ನಿಸತೊಡಗಿತ್ತು.

ಅಷ್ಟರಲ್ಲಿ ಸ್ಕೂಲಿನಿಂದ ಒಂದು ಚೀಟಿ ಬಂತು. ಮಕ್ಕಳಿಗೆ ಸುರಕ್ಷಿತವೂ ಜ್ಞಾನದಾಯಕವೂ ಆದ ಒಂದು ವೆಬ್‌ಸೈಟನ್ನು ಮನೆಯ ಹಿರಿಯರು ಪರಿಶೀಲಿಸಿ ಆರಿಸಬೇಕು. ಅದರ ಒಂದು ಪುಟವನ್ನು ಪ್ರಿಂಟ್ ಮಾಡಿಸಿ, ಕೆಳಗೆ ಆ ಹಿರಿಯರು ಸಹಿ ಮಾಡಿ, ಸೋಮವಾರದೊಳಗೆ ಕಳಿಸಬೇಕು.

"ಕೊಡಿಲ್ಲಿ, ನಾನು ಸೈನ್ ಹಾಕ್ತೀನಿ," ಎಂದು ಸೊಸೆ ದಾಕ್ಷಾಯಣಿ ಕೈ ಚಾಚಿದಳು.

"ಮನೆಯ ಹಿರಿಯರು ಅಂತ ಬರೆದವ್ರೆ ಕಣಮ್ಮ. ನೀನ್ಯಾವಾಗ ಹಿರಿಯಳಾದೆ?" ಎಂದು ಸಿದ್ದಲಿಂಗಮ್ಮನವರು ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅಮ್ಮ, ಇದು ಗಂಡು ವಿಚಾರಿಸಿದ ಹಂಗಲ್ಲ," ಎಂದ ಚಂದ್ರಮೌಳಿ.

"ಮಗೂನ ಒಂದು ಕಡೆ ಕಳಿಸ್ತೀವಿ ಅಂದ್ಮೇಲೆ ಎಲ್ಲಾ ಒಂದೇ ಕಣೋ. ಅವರು ಯಾರು, ಎಲ್ಲಿಯೋರು, ಎಂಥಾ ಮನೆತನ, ನೋಡ್ಬೇಡ್ವಾ?"

"ಮಗು ಎಲ್ಲಿಗೂ ಹೋಗಲ್ಲಮ್ಮ! ಇಲ್ಲೇ ಕುರ್ಚಿ ಮೇಲೆ ಕೂತಿರುತ್ತೆ."

"ಮತ್ತೆ ನೀನೇ ದಿನಾ, ಆ ಸೈಟಿಗೆ ಹೋಗು, ಈ ಸೈಟಿಗೆ ಹೋಗು ಅಂತಿರ್ತೀಯ?"

ಚಂದ್ರಮೌಳಿ ಕಂಪ್ಯೂಟರಿನ ಧೂಳು ಒರೆಸತೊಡಗಿದ. (ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.)

ಅಂದು ಸಂಜೆಯೇ ಅಖಿಲ ಭೂಮಂಡಲದ ವೆಬ್‌ಸೈಟುಗಳ ಪರೇಡು ಶುರುವಾಯಿತು. ಫೋನಿನ ತಂತಿ ಸಿಕ್ಕಿಸಿದೊಡನೆ ಕಂಪ್ಯೂಟರು ಕೀಂ ಕೊಂಯ್ ಎಂದು ಗೋಳಾಡಿತು. ಸಿದ್ದಲಿಂಗಮ್ಮನವರು ಕನ್ನಡಕ ಏರಿಸಿ ಮಗನ ಪಕ್ಕ ಕೂತರು. ಮೊದಲು ಬಂದದ್ದು ಪ್ರಾಣಿಗಳ ಸೈಟು. ಆನೆ, ಸಿಂಹ, ನೀರುಕುದುರೆ, ಒಂದೊಂದೂ ಎಷ್ಟು ಚೆಂದ!

"ಯಾರದಿದು?"

"ಅಮೆರಿಕದ್ದಮ್ಮ."

"ಅಲ್ಲಿ ಯಾವೂರು? ನಮ್ಮೋರು ಯಾರಾದ್ರೂ ಅವ್ರಾ ಅಲ್ಲಿ, ವಿಚಾರಿಸೋಕೆ?"

"ಇಲ್ಲಮ್ಮ."

"ಹೂಂ... ನೋಡಿ," ಎಂದರು ಸಿದ್ದಲಿಂಗಮ್ಮನವರು. ನೀರುಕುದುರೆಯ ಸಂಬಂಧ ಮುರಿದುಬಿತ್ತು.

ಎರಡನೆಯದು ಲೆಕ್ಕ ಕಲಿಸುವ ಸೈಟು. ಅದರಲ್ಲಿ ಯಜಮಾನನ ಹೆಸರೇ ಇರಲಿಲ್ಲ. ಹೆಸರು ಹೇಳಲು ಹಿಂಜರಿಯುವವರ ಮನೆಗೆ ಮಗುವನ್ನು ಕಳಿಸುವುದುಂಟೇ? ಮೂರನೆಯದರ ಕೆಳಗೆ, ಇಲ್ಲಿಯವರೆಗೆ ಬಂದುಹೋದವರು ನಾಲ್ಕು ಲಕ್ಷ ಚಿಲ್ಲರೆ ಎಂದಿತ್ತು. "ಇಷ್ಟೊಂದು ಜನ ಓಡಾಡೋ ಮನೆ ಚೊಕ್ಕಟವಾಗಿ ಇರೋಕೆ ಎಂಗೆ ಸಾಧ್ಯ?" ಎಂದು ಅದನ್ನೂ ತಳ್ಳಿಹಾಕಿದರು. ನಾಲ್ಕು, ಐದು, ಹತ್ತು, ಹದಿನೈದು. ದಾಕ್ಷಾಯಣಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡತೊಡಗಿದಳು. ಸಿದ್ದಲಿಂಗಮ್ಮನವರಿಗೂ ತಲೆ ಕೆಟ್ಟಿತ್ತು. ಹೊರಗೆ ತೋರಿಸಿಕೊಳ್ಳಲಿಲ್ಲ, ಅಷ್ಟೇ. ಬಾಗಿಲಿಲ್ಲ, ಅಂಗಳವಿಲ್ಲ, ಅಕ್ಕಪಕ್ಕದವರಿಲ್ಲ. ಯಾರನ್ನು ಕೇಳಬೇಕು, ಎಲ್ಲಿ ನಿಂತು ಕೇಳಬೇಕು, ಒಂದೂ ಬಗೆಹರಿಯಲಿಲ್ಲ.

ಕೊನೆಗೆ 'ಉಪ್ಪುಮೂಟೆ ಡಾಟ್ ಕಾಮ್' ಎಂಬುದೊಂದು ತೆರೆದುಕೊಂಡಿತು. ಕನ್ನಡದ ಸೈಟಂತೆ. ಆದರೆ ಪರದೆಯ ತುಂಬ ಇರುವೆ ಸಾಲು ಚೆದುರಿದಂತೆ ಏನೇನೋ ಚಿಹ್ನೆಗಳು. ಕನ್ನಡದ ಅಕ್ಷರ ಕಾಣಬೇಕಾದರೆ ಫಾಂಟ್ ಹಾಕಬೇಕು, ಆಫೀಸಿನ ಸ್ನೇಹಿತನಿಂದ ಶನಿವಾರ ತರುತ್ತೇನೆ ಎಂದ ಚಂದ್ರಮೌಳಿ. ಇಡೀ ಪುಟದಲ್ಲಿ ಓದಲು ಬರುತ್ತಿದ್ದುದು ತಳದಲ್ಲಿ ಇಂಗ್ಲಿಷಿನಲ್ಲಿದ್ದ ಎರಡು ಸಾಲು ಮಾತ್ರ: ನಡೆಸುವವರು ಮಂಜುಳಮ್ಮ, ನಿವೃತ್ತ ವಿಜ್ಞಾನ ಶಿಕ್ಷಕಿ, ಮನೆ ನಂಬರು ಇಂಥದ್ದು, ಮಂಡಿ ಮೊಹಲ್ಲಾ, ಮೈಸೂರು.

ಸಿದ್ದಲಿಂಗಮ್ಮನವರ ಮುಖ ಅರಳಿತು. "ಇದು ನೋಡು ಮನೆತನ ಅಂದ್ರೆ!"

"ಅಮ್ಮ, ಇದರಲ್ಲಿ ಏನಿದೆ ಅಂತಾನೇ ಗೊತ್ತಿಲ್ಲ!"

"ವಿಳಾಸ ಇದೆಯಲ್ಲೋ. ಮಿಕ್ಕಿದ್ದು ನಂಗೆ ಬಿಡು."

ಗುರುವಾರ ಬೆಳಿಗ್ಗೆ ದಂಪತಿಗಳು ಮಂಡಿ ಮೊಹಲ್ಲಾದಲ್ಲಿ ಆಟೋ ಇಳಿದರು. ಲಾರಿಯಿಂದ ಈರುಳ್ಳಿ ಮೂಟೆ ಇಳಿಯುತ್ತಿತ್ತು, ಬೆಲ್ಲದ ಅಂಗಡಿಯ ಮುಂದೆ ನೊಣ ಮುತ್ತಿದ್ದವು, ಕೈಗಾಡಿಯವರು "ಸೈಡ್, ಸೈಡ್" ಎಂದು ಕೂಗುತ್ತಾ ಇಬ್ಬರನ್ನೂ ಗೋಡೆಗೆ ಒತ್ತಿದರು.

"ಜಗತ್ತಿಗೆಲ್ಲ ಕಾಣೋ ಸೈಟು ಇಲ್ಲಿರುತ್ತೇನೇ?" ಎಂದರು ರುದ್ರಸ್ವಾಮಿಯವರು.

"ನೀವು ಸುಮ್ನಿರ್ರೀ. ಒಳಗೆ ಹೋದ್ಮೇಲೂ ಸುಮ್ನಿರಿ. ನಾನು ಪಾರ್ವತಮ್ಮ, ನೀವು ನಂಜುಂಡಪ್ಪ. ನಂಜನಗೂಡಿನೋರು. ನೆನಪಿರಲಿ."

"ಪಾಪ, ಮೇಷ್ಟ್ರಮ್ಮ ಅಂತೆ. ನೇರವಾಗಿ ಕೇಳಿದ್ರೆ ಹೇಳಲ್ವೇನೇ?"

"ನೇರವಾಗಿ ಕೇಳಿದ್ರೆ ಯಾರು ನಿಜ ಹೇಳ್ತಾರೆ?" ಎಂದು ಸಿದ್ದಲಿಂಗಮ್ಮನವರು ಸೆರಗು ಹೊದ್ದು ಬೆಲ್ಲದ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರು.

ಬಾಗಿಲು ತೆರೆದವರು ದಪ್ಪ ಕನ್ನಡಕದ, ತೆಳ್ಳನೆಯ ಮಂಜುಳಮ್ಮ. ಬಾಡಿಗೆಗೆ ಮನೆಯಿಲ್ಲ ಎಂದರು. ಬಿಸಿಲನ್ನು ಬೈಯಲಾಯಿತು. ನೀರು ಬಂತು. ನಡುಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರು. ಅದರ ಮುಂದೆ ಅಕ್ಕಪಕ್ಕ ಎರಡು ಕುರ್ಚಿ; ಒಂದರಿಂದ ಮಂಜುಳಮ್ಮ ಎದ್ದು ಬಂದಿದ್ದರು, ಇನ್ನೊಂದರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕೂತಿದ್ದಳು. ಮೊಮ್ಮಗಳು ಗಗನ, ಜ್ವರ ಬಿಟ್ಟಿದೆ, ಇವತ್ತು ಸ್ಕೂಲಿಲ್ಲ ಎಂದರು ಮಂಜುಳಮ್ಮ. ಅಜ್ಜಿಯೂ ಮೊಮ್ಮಗಳೂ ಒಂದೇ ಪೆಟ್ಟಿಗೆಯ ಮುಂದೆ ಜೊತೆಯಾಗಿ ಕೂರುವ ಮನೆ! ಅದನ್ನು ಕಂಡು ಸಿದ್ದಲಿಂಗಮ್ಮನವರ ಎದೆಯಲ್ಲಿ ಏನೋ ಚುಳ್ಳೆಂದಿತು. ಆದರೆ ಕರ್ತವ್ಯ ಮೊದಲು.

"ಮನೇಲಿ ಎಷ್ಟು ಜನ ನೀವು?" (ಸಂಸಾರ ಒಟ್ಟಾಗಿದೆಯೋ ಒಡೆದಿದೆಯೋ ತಿಳಿಯಬೇಕು.)

"ನಾನು, ಮಗ, ಸೊಸೆ, ಇವಳು."

"ಮಗ ಸೊಸೆ ಎಷ್ಟೊತ್ತಿಗೆ ಹೋಗಿ ಎಷ್ಟೊತ್ತಿಗೆ ಬರ್ತಾರೆ?" (ಮಗ ಅಡ್ಡಾಡುವವನೋ ಏನೋ.)

"ಒಂಬತ್ತಕ್ಕೆ ಹೋದ್ರೆ ಆರಕ್ಕೆ. ಯಾಕೆ?"

"ಸುಮ್ನೆ ಕೇಳ್ದೆ. ಅಲ್ಲೀವರ್ಗೂ ನೀವಿಬ್ರೇನಾ? ಗಂಡಸ್ರು ಯಾರೂ ಇರಲ್ವಾ?" (ಮಗುವನ್ನು ನೋಡಿಕೊಳ್ಳುವವರಿದ್ದಾರೋ ಇಲ್ಲವೋ.)

ಮಂಜುಳಮ್ಮ ಕನ್ನಡಕ ಸರಿಮಾಡಿಕೊಂಡರು. ಸಿದ್ದಲಿಂಗಮ್ಮನವರು ನೀರಿನ ಲೋಟ ಹಿಡಿದೇ ಎದ್ದು, ಬೀರುವಿನ ಬಾಗಿಲನ್ನು ಬೆರಳಿನಿಂದ ತಟ್ಟಿ, "ಹಳೇ ಕಾಲದ್ದು, ಗಟ್ಟಿಯಾಗಿದೆ. ಬೀಗ ಸರಿಯಾಗಿ ಬೀಳುತ್ತಾ?" ಎಂದರು. ಆಮೇಲೆ ಅಡುಗೆಮನೆಗೆ ಇಣುಕಿದರು, ಹಿತ್ತಲ ಬಾಗಿಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಕಾರಣ ಇಷ್ಟೇ, ಮನೆಯ ಶುಚಿ ತಿಳಿಯುವುದು ಹಿತ್ತಲಿನಿಂದ. ಹುಡುಗಿ ಗಗನ ಕುರ್ಚಿ ತಿರುಗಿಸಿಕೊಂಡು ಇವರನ್ನೇ ಅಡಿಯಿಂದ ಮುಡಿಯವರೆಗೂ ನೋಡುತ್ತಿದ್ದಳು.

"ನಿಮ್ಮ ಹೆಸ್ರು?" ಎಂದು ಮಂಜುಳಮ್ಮ ಥಟ್ಟನೆ ರುದ್ರಸ್ವಾಮಿಯವರ ಕಡೆ ತಿರುಗಿದರು.

"ರುದ್ರ..." ಎಂದು ಶುರುಮಾಡಿದ ರುದ್ರಸ್ವಾಮಿಯವರು ಹೆಂಡತಿಯ ಕಣ್ಣನ್ನು ನೋಡಿ, "...ನಂಜುಂಡಪ್ಪ," ಎಂದು ಮುಗಿಸಿದರು. ಹಣೆಯ ಬೆವರು ವಿಭೂತಿಯೊಂದಿಗೆ ಮೂಗಿನ ಮೇಲೆ ಇಳಿಯಿತು.

"ಮನೆ ಯಾರಿಗೆ ಬೇಕಾಗಿತ್ತು?"

"ನಮ್ಗೇ," ಎಂದರು ಹೆಂಡತಿ. "ನಮ್ಗಲ್ಲ," ಎಂದರು ಗಂಡ. ಎರಡೂ ಒಂದೇ ಉಸಿರಿನಲ್ಲಿ ಬಂದವು.

ಮನೆಗೆ ಬಂದ ಸಿದ್ದಲಿಂಗಮ್ಮನವರು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟರು. "ಕೊಡಬೋದು! ಚಿನ್ನದಂಥಾ ಮನೆ. ಹಿತ್ತಲು ಕನ್ನಡಿ ಥರ ಇಟ್ಟವ್ರೆ."

"ಸೈಟಿನಲ್ಲಿ ಏನಿದೆ ಅತ್ತೆ?" ಎಂದಳು ದಾಕ್ಷಾಯಣಿ.

"ಅದೆಲ್ಲ ನಂಗೇನು ಗೊತ್ತು? ಅವರನ್ನ ನೋಡ್ದೆ, ಸಾಕು. ನನ್ನ ಬಾಯಿಂದ ಒಪ್ಪಿಗೆ ಬಿದ್ಮೇಲೆ ಮುಗೀತು."

ಭಾನುವಾರ ಬೆಳಿಗ್ಗೆ ಉದ್ಘಾಟನೆ. ಚಂದ್ರಮೌಳಿ ಫಾಂಟ್ ತಂದು ಹಾಕಿದ್ದ. ಸಿದ್ದಲಿಂಗಮ್ಮನವರು ಕಂಪ್ಯೂಟರಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದರು. ಸಾಕ್ಷಿಗಿರಲಿ ಎಂದು ಪಕ್ಕದ ಮನೆಯ ಮಹದೇವಮ್ಮನನ್ನೂ ಕರೆದಿದ್ದರು. ಮಹದೇವಮ್ಮನಿಗೂ ಇಲ್ಲಿ ಕೆಲಸವಿತ್ತು: ಮಗಳು ಅಕ್ಷತಾಗೆ ದಟ್ಟಗಳ್ಳಿಯಿಂದ ಗಂಡು ಬಂದಿತ್ತು, ಸಿದ್ದಲಿಂಗಮ್ಮನವರು ಹೋಗಿ ವಿಚಾರಿಸಿಕೊಂಡು ಬರಬೇಕಾಗಿತ್ತು.

ಉಪ್ಪುಮೂಟೆ ತೆರೆದುಕೊಂಡಿತು. ಇರುವೆಗಳೆಲ್ಲ ಸಾಲಾಗಿ ನಿಂತು ಅಚ್ಚ ಕನ್ನಡವಾಗಿದ್ದವು. ಏನು ಚೆಂದದ ಸೈಟು ಅಂತೀರಿ! ದೋಸೆಗೆ ತೂತು ಯಾಕೆ ಬೀಳುತ್ತದೆ, ಬಾವಲಿ ತಲೆಕೆಳಗಾಗಿ ಮಲಗಿದರೂ ಯಾಕೆ ಬೀಳುವುದಿಲ್ಲ, ಆಕಾಶ ಯಾಕೆ ನೀಲಿ, ಎಲ್ಲಕ್ಕೂ ಮಗುವಿಗೆ ತಿಳಿಯುವ ಹಾಗೆ ಉತ್ತರ, ಜೊತೆಗೆ ಗಗನ ಬಿಡಿಸಿದ ಚಿತ್ರ. ದಾಕ್ಷಾಯಣಿ ಮೊದಲ ಸಲ ಅತ್ತೆಯನ್ನು ಮೆಚ್ಚುಗೆಯಿಂದ ನೋಡಿದಳು. ಶಿವಾನಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದು, "ಅಜ್ಜಿ, ಸೂಪರ್ ಕಣಜ್ಜಿ ನೀನು!" ಎಂದಳು. ಎಷ್ಟು ತಿಂಗಳಾಗಿತ್ತು ಆ ಕೈಗಳು ಹಾಗೆ ಕುತ್ತಿಗೆಗೆ ಬಿದ್ದು! ಸಿದ್ದಲಿಂಗಮ್ಮನವರ ಕಣ್ಣು ಒದ್ದೆಯಾಯಿತು. ಊದುಬತ್ತಿಯ ಹೊಗೆ ಎಂದು ಒರೆಸಿಕೊಂಡರು.

"ಇಲ್ಲೊಂದು ಹೊಸದು ಹಾಕವ್ರೆ. 'ಈ ವಾರದ ಎಚ್ಚರಿಕೆ' ಅಂತೆ," ಎಂದು ಶಿವಾನಿ ಗಟ್ಟಿಯಾಗಿ ಓದತೊಡಗಿದಳು.

"ಮಕ್ಕಳೇ, ಕಳ್ಳರು ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಬರುತ್ತಾರೆಂದು ತಿಳಿಯಬೇಡಿ. ಹಣೆಗೆ ವಿಭೂತಿ ಇಟ್ಟುಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು, ನಗುನಗುತ್ತಾ ಬರಬಹುದು. ಬಾಡಿಗೆಗೆ ಮನೆ ಕೇಳಬಹುದು. ಇಲ್ಲ ಎಂದರೂ ಹೋಗದೆ ನೀರು ಕೇಳಬಹುದು. ಮನೆಯಲ್ಲಿ ಎಷ್ಟು ಜನ, ಗಂಡಸರು ಎಷ್ಟು ಹೊತ್ತಿಗೆ ಬರುತ್ತಾರೆ, ಬೀರುವಿನ ಬೀಗ ಬೀಳುತ್ತದೆಯೇ, ಹಿತ್ತಲ ಬಾಗಿಲು ಎಲ್ಲಿದೆ ಎಂದು ವಿಚಾರಿಸಬಹುದು. ಇಂಥವರಿಗೆ ಬಾಗಿಲು ತೆರೆಯಬೇಡಿ."

ಸಿದ್ದಲಿಂಗಮ್ಮನವರು ಕನ್ನಡಕ ಏರಿಸಿ ಪರದೆಯತ್ತ ಬಗ್ಗಿದರು. ಇದು ಯಾರ ಕತೆ? ತಮ್ಮದೇ? ಹೇಗೆ ತಮ್ಮದಾಗುತ್ತದೆ? ತಾವು ಕೇಳಿದ್ದು ಇದನ್ನೇ ಹೌದು, ಆದರೆ ಕೇಳಿದ್ದು ಅದಕ್ಕಲ್ಲವಲ್ಲ! ಮೂವತ್ತು ವರ್ಷದಿಂದ ಊರೆಲ್ಲ ಇದನ್ನೇ ಕೇಳಿದ್ದಾರೆ. ಹಾಗಾದರೆ ಅವರೆಲ್ಲ...

"ಇನ್ನೂ ಇದೆ," ಎಂದಳು ಶಿವಾನಿ. "ಜೊತೆಯಲ್ಲಿ ಒಬ್ಬ ಮುದುಕನೂ ಇರಬಹುದು. ಅವನು ಮಾತಾಡುವುದಿಲ್ಲ, ಹೆಸರು ಕೇಳಿದರೆ ಬೆವರುತ್ತಾನೆ. ಅವನೇ ಈ ಗುಂಪಿನ ನಾಯಕ."

ನಲವತ್ತು ವರ್ಷದ ಸಂಸಾರದಲ್ಲಿ ರುದ್ರಸ್ವಾಮಿಯವರನ್ನು ಯಾರಾದರೂ ನಾಯಕ ಎಂದದ್ದು ಇದೇ ಮೊದಲು. ಭಯದ ನಡುವೆಯೂ ಅವರ ಬೆನ್ನು ಕೊಂಚ ನೆಟ್ಟಗಾಯಿತು. ಆಮೇಲೆ ಸಂಪಿನೊಳಗೆ ನೀರು ಬಂತೇನೋ ನೋಡುತ್ತೇನೆಂದು ಹೊರಗೆ ಹೋದರು. ಅದು ನೀರು ಬರುವ ಹೊತ್ತಲ್ಲ.

"ಕಾಲ ಕೆಟ್ಟೋಯ್ತು ಕಣ್ರೀ!" ಎಂದರು ಮಹದೇವಮ್ಮ. "ವಯಸ್ಸಾದೋರೂ ಇಂಥಾ ಕೆಲಸಕ್ಕೆ ಇಳಿದ್ಬುಟ್ರಲ್ಲ. ಅಲ್ವಾ ಸಿದ್ದಲಿಂಗಮ್ಮೋರೇ?"

"ಹೌದು ಕಣ್ರೀ," ಎಂದರು ಸಿದ್ದಲಿಂಗಮ್ಮನವರು. ಇನ್ನೇನು ಹೇಳಲಾದೀತು?

"ಅಜ್ಜಿ, ಚಿತ್ರ ನೋಡು! ಈ ಕಳ್ಳಿ ಥೇಟ್ ನಿನ್ನ ಥರಾನೇ ಲೋಟ ಹಿಡ್ಕೊಂಡವ್ಳೆ," ಎಂದು ಶಿವಾನಿ ನಕ್ಕಳು. "ಅಪ್ಪ, ಇದೇ ಪುಟ ಪ್ರಿಂಟ್ ಮಾಡ್ಸು. ಮಿಸ್ಸು ಸುರಕ್ಷಿತ ಅಂತ ಕೇಳಿದ್ದಾರಲ್ಲ."

"ಬೇಡ! ದೋಸೆದು ಮಾಡ್ಸು!" ಎಂದು ಸಿದ್ದಲಿಂಗಮ್ಮನವರು ಚೀರಿಯೇಬಿಟ್ಟರು. "ದೋಸೆದು ಚೆನ್ನಾಗಿದೆ. ತೂತು ಯಾಕೆ ಬೀಳುತ್ತೆ ಅಂತ ಎಷ್ಟು ಚೆನ್ನಾಗಿ ಬರೆದವ್ರೆ!"

"ದೋಸೆಯಲ್ಲಿ ಸುರಕ್ಷತೆ ಎಲ್ಲಿದೆ ಅತ್ತೆ?" ಎಂದಳು ದಾಕ್ಷಾಯಣಿ. "ಇದೇ ಸರಿ. ಅಲ್ದೆ ಈ ಸೈಟನ್ನ ಆರಿಸಿದ್ದು ನೀವು. ಸಹಿ ನೀವೇ ಹಾಕ್ಬೇಕು."

ಸಂಜೆ ಚಂದ್ರಮೌಳಿ ಬ್ರೌಸಿಂಗ್ ಸೆಂಟರಿನಿಂದ ಪ್ರಿಂಟ್ ತಂದ. ಸಿದ್ದಲಿಂಗಮ್ಮನವರು ಪೆನ್ನು ಹಿಡಿದರು. ಇದು ಯಾರೆಂದು ಹೇಳಿಬಿಡಬಹುದಿತ್ತು. ಹೇಳಿದರೆ ಕುತ್ತಿಗೆಗೆ ಬಿದ್ದಿದ್ದ ಆ ಕೈಗಳು? ಶಿವಾನಿ ಎದುರಿಗೆ ಗಲ್ಲಕ್ಕೆ ಕೈಕೊಟ್ಟು ಕಾದು ಕೂತಿದ್ದಳು. ಅಜ್ಜಿ ಒಂದೊಂದೇ ಅಕ್ಷರವನ್ನು ದುಂಡಗೆ, ತಪ್ಪಿಲ್ಲದೆ ಬರೆದು ಸಹಿ ಹಾಕಿದರು.

ಹದಿನೈದು ದಿನ ಏನೂ ಆಗಲಿಲ್ಲ. ಸಿದ್ದಲಿಂಗಮ್ಮನವರು ಎಲ್ಲಿಗೂ ಹೋಗಲಿಲ್ಲ. ಆದರೆ ಮಹದೇವಮ್ಮ ಬಿಡಬೇಕಲ್ಲ. ಗಂಡಿನ ಕಡೆಯವರು ಅವಸರ ಮಾಡುತ್ತಿದ್ದರು. ಕೊನೆಗೊಂದು ಬುಧವಾರ ಸಂಜೆ, ಸ್ಕೂಲು ಬಿಟ್ಟ ಹೊತ್ತಿಗೆ, ಸಿದ್ದಲಿಂಗಮ್ಮನವರು ದಟ್ಟಗಳ್ಳಿಯ ಆ ಮನೆಯ ಮುಂದೆ ಆಟೋ ಇಳಿದರು, ಹಿಂದೆ ನಾಯಕರು. ಬಾಗಿಲು ತಟ್ಟಿದರು. ಕಿಟಕಿಯ ಪರದೆ ಸ್ವಲ್ಪ ಸರಿದು, ಶಿವಾನಿಯಷ್ಟೇ ವಯಸ್ಸಿನ ಒಂದು ಹುಡುಗಿಯ ಮುಖ ಕಾಣಿಸಿತು.

"ಇಲ್ಲೆಲ್ಲಾದ್ರೂ ಬಾಡಿಗೆಗೆ ಮನೆ ಸಿಕ್ಕುತ್ತಾ ಕಣಮ್ಮ?" ಎಂದರು ಸಿದ್ದಲಿಂಗಮ್ಮನವರು ಅಭ್ಯಾಸಬಲದಿಂದ.

"ಅಮ್ಮಾ! ಬಂದವ್ರೆ! ಮುದುಕನೂ ಅವ್ನೆ!" ಎಂದು ಕಿರುಚಿ ಹುಡುಗಿ ಪರದೆ ಎಳೆದಳು. ಒಳಗೆ ಚಿಲಕ ಬಿದ್ದ ಸದ್ದು, ಆಮೇಲೆ ಇನ್ನೊಂದು ಚಿಲಕ.

ಆಗ ಅವರ ಕಣ್ಣು ಬಾಗಿಲ ಮೇಲೆ ಬಿತ್ತು. ಯಾವುದೋ ಜೆರಾಕ್ಸ್ ಕಾಗದ, ನಾಲ್ಕು ಮೂಲೆಗೂ ಗೋಂದು ಹಚ್ಚಿ ಈಗಷ್ಟೇ ಅಂಟಿಸಿದ್ದರು. ಮೇಲ್ಗಡೆ ಶಿವಾನಿಯ ಸ್ಕೂಲಿನ ಮೊಹರು, 'ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಮುಂಬಾಗಿಲಿಗೆ ಅಂಟಿಸತಕ್ಕದ್ದು' ಎಂಬ ಅಂದಿನದೇ ತಾರೀಖಿನ ಸೂಚನೆ. ನಡುವೆ ಲೋಟ ಹಿಡಿದ ಹೆಂಗಸು, ಬೆವರುವ ಮುದುಕ. ಸಿದ್ದಲಿಂಗಮ್ಮನವರು ಕನ್ನಡಕ ಏರಿಸಿಕೊಂಡು ಬಗ್ಗಿ ಕೊನೆಯ ಸಾಲು ಓದಿದರು: ಪರಿಶೀಲಿಸಿ ಒಪ್ಪಿದವರು, ಸಿದ್ದಲಿಂಗಮ್ಮ.

ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ರುದ್ರಸ್ವಾಮಿಯವರು ಹೆಂಡತಿಯ ಭುಜದ ಮೇಲಿಂದ ಇಣುಕಿದರು.

"ಜೆರಾಕ್ಸಿನಲ್ಲೂ ನಿನ್ನ ಸಹಿ ಎಷ್ಟು ಸ್ಪಷ್ಟವಾಗಿ ಬಂದಿದೆ ನೋಡೇ," ಎಂದರು.